ಸಿಟ್ರಸ್ ರೆಡ್ 2 ಬಳಿದ ಫ್ಲಾರಿಡಾ ಕಿತ್ತಳೆ: ಜ್ಯೂಸ್‌ಗೆ ಸರಿ, ಗೊಜ್ಜಿಗೆ ಬೇಡ

ಮೊದಲೇ ಹೇಳಿಬಿಡುತ್ತೇನೆ, ಇದು ಹಣ್ಣಿನ ರಿವ್ಯೂ ಕಡಿಮೆ, ಸಿಪ್ಪೆಯ ರಿವ್ಯೂ ಜಾಸ್ತಿ. ಹಣ್ಣಿಗೆ ಐದಕ್ಕೆ ನಾಲ್ಕು ಸ್ಟಾರ್. ಸಿಪ್ಪೆಯ ಮೇಲಿರುವ ಬಣ್ಣಕ್ಕೆ ಒಂದೇ ಒಂದು, ಅದೂ ಬಣ್ಣ ಹಾಕಿದ್ದೇವೆ ಅಂತ ಬಾಯಿಬಿಟ್ಟು ಹೇಳಿದ್ದಾರಲ್ಲ ಅನ್ನುವ ಕಾರಣಕ್ಕೆ.

ನಾವಿರುವುದು ಜಾರ್ಜಿಯಾದಲ್ಲಿ, ಫ್ಲಾರಿಡಾದ ಪಕ್ಕದ ರಾಜ್ಯ. ಅಕ್ಟೋಬರ್ ಕಳೆಯುವ ಹೊತ್ತಿಗೆ ಇಲ್ಲಿನ ಅಂಗಡಿಗಳಿಗೆ ಫ್ಲಾರಿಡಾದ ಹೊಸ ಫಸಲು ಬರತೊಡಗುತ್ತದೆ. ಬಲೆ ಚೀಲದಲ್ಲಿ ನಾಲ್ಕು ಪೌಂಡ್, ಆರು ಡಾಲರ್ ಚಿಲ್ಲರೆ. ಪಕ್ಕದಲ್ಲೇ ಕ್ಯಾಲಿಫೋರ್ನಿಯಾ ಹಣ್ಣು ಇದ್ದರೆ ಅದು ಇದಕ್ಕಿಂತ ದುಬಾರಿ ಇರುತ್ತದೆ, ಆದ್ದರಿಂದ ಜ್ಯೂಸ್ ಹಿಂಡುವ ಮನೆಯವರೆಲ್ಲ ಇದಕ್ಕೇ ಕೈ ಹಾಕುತ್ತಾರೆ. ಚೀಲದ ಕಾಗದದ ಪಟ್ಟಿಯನ್ನು ತಿರುಗಿಸಿ ನೋಡಿದರೆ, ಮೇಣದ ವಿವರ ಬರೆದಿರುವ ಜಾಗದಲ್ಲೇ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕಲರ್ ಆಡೆಡ್’ ಅಂತ ಇರುತ್ತದೆ. ಕೆಲವು ಸಲ ಹಣ್ಣಿನ ಮೇಲೇ ಅಚ್ಚು ಒತ್ತಿರುತ್ತಾರೆ. ಹಣ್ಣಿಗೇ ಬಣ್ಣ ಹಾಕಿದ್ದಾರೆ ಅಂತ ತಿಳಿದು ನನ್ನ ಹೆಂಡತಿ ಚೀಲವನ್ನು ವಾಪಸ್ ಇಡಲು ಹೊರಟಿದ್ದಳು, ನಾನೇ ತಡೆದೆ. ಇದೇನು ಅಂತ ಒಮ್ಮೆ ಸರಿಯಾಗಿ ನೋಡೇ ಬಿಡೋಣ ಅನ್ನಿಸಿತು.

ಆ ಬಣ್ಣದ ಹೆಸರು ಸಿಟ್ರಸ್ ರೆಡ್ 2. ಅಮೆರಿಕದಲ್ಲಿ ಇದಕ್ಕೆ ಅನುಮತಿ ಇರುವುದು ಒಂದೇ ಒಂದು ಕೆಲಸಕ್ಕೆ, ಕಿತ್ತಳೆ ಸಿಪ್ಪೆಗೆ ಬಣ್ಣ ಹಾಕುವುದಕ್ಕೆ. ಮಿಠಾಯಿಗೆ ಹಾಕುವಂತಿಲ್ಲ, ಪಾನೀಯಕ್ಕೆ ಹಾಕುವಂತಿಲ್ಲ, ನಿಂಬೆಗೂ ಇಲ್ಲ. ಸಂಸ್ಕರಣೆಗೆ ಹೋಗುವ ಕಿತ್ತಳೆಗೂ ಹಾಕುವಂತಿಲ್ಲ, ಅಂದರೆ ಜ್ಯೂಸ್ ಕಾರ್ಖಾನೆಗೋ ಮಾರ್ಮಲೇಡ್ ಮಾಡುವವರಿಗೋ ಹೋಗುವ ಹಣ್ಣು ಇದರ ತಂಟೆಗೆ ಬರಬಾರದು. ಇಡೀ ಹಣ್ಣಿನ ತೂಕದ ಲೆಕ್ಕದಲ್ಲಿ ಹತ್ತು ಲಕ್ಷದಲ್ಲಿ 2 ಪಾಲು ಮೀರಬಾರದು. ಹಣ್ಣು ಆಯಾ ರಾಜ್ಯದ ಕಾನೂನಿನ ಪ್ರಕಾರ ಬಲಿತಿರಲೂ ಬೇಕು, ಕಾಯಿಗೆ ಬಣ್ಣ ಬಳಿದು ಹಣ್ಣು ಅಂತ ಮಾರುವ ಹಾಗಿಲ್ಲ. ಈ ಕೊನೆಯ ಷರತ್ತು ಮುಖ್ಯ, ಯಾಕೆಂದರೆ ಬಣ್ಣ ಅಂದ ತಕ್ಷಣ ನಮಗೆ ಬರುವ ಮೊದಲ ಅನುಮಾನವೇ ಅದು, ಅಲ್ವಾ?

ಹಾಗಾದರೆ ಬಲಿತ ಹಣ್ಣಿಗೆ ಬಣ್ಣ ಯಾಕೆ ಬೇಕು?

ಕಿತ್ತಳೆ ಒಳಗೆ ಹಣ್ಣಾಗುವುದಕ್ಕೂ ಹೊರಗೆ ಕಿತ್ತಳೆ ಬಣ್ಣಕ್ಕೆ ತಿರುಗುವುದಕ್ಕೂ ಅಂಥ ನಂಟೇನೂ ಇಲ್ಲ. ಒಳಗಿನ ಸಿಹಿ, ಹುಳಿ, ರಸ ಒಂದು ದಾರಿಯಲ್ಲಿ ಹೋಗುತ್ತವೆ. ಸಿಪ್ಪೆಯ ಹಸಿರು ಹೋಗಬೇಕಾದರೆ ರಾತ್ರಿ ಚೆನ್ನಾಗಿ ತಂಪಾಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಣ ಹವೆ, ರಾತ್ರಿ ತಂಪು, ಆದ್ದರಿಂದ ಅಲ್ಲಿನ ಹಣ್ಣಿಗೆ ಗಾಢ ಬಣ್ಣ ತಾನಾಗಿಯೇ ಬರುತ್ತದೆ. ಫ್ಲಾರಿಡಾದಲ್ಲಿ ಅಕ್ಟೋಬರ್‌ನಲ್ಲೂ ರಾತ್ರಿ ಬೆವರುತ್ತದೆ. ಅಲ್ಲಿ ಮೊದಲು ಕೊಯ್ಲಿಗೆ ಬರುವ ಹ್ಯಾಮ್ಲಿನ್ ತಳಿಯ ಹಣ್ಣು ತಿನ್ನಲು ಸಿದ್ಧವಾಗಿದ್ದರೂ ಮೈ ಮಾತ್ರ ಹಸಿರು, ಇಲ್ಲವೇ ಪೇಲವ ಹಳದಿ. ಇನ್ನೂ ತಮಾಷೆ ಅಂದರೆ ವೇಲೆನ್ಸಿಯಾ ತಳಿ. ಅದು ಚಳಿಗಾಲದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಮರದಲ್ಲೇ ಬಿಟ್ಟರೆ ವಸಂತದ ಬಿಸಿಲು ಏರಿದಾಗ ಮತ್ತೆ ಹಸಿರಾಗುತ್ತದೆ! ಪೂರ್ತಿ ಮಾಗಿದ, ವರ್ಷದಲ್ಲೇ ಅತಿ ಸಿಹಿಯಾದ ಹಣ್ಣು, ನೋಡಿದರೆ ಕಾಯಿ. ಕೊಡಗಿನ ಕಿತ್ತಳೆ ತಿಂದು ಬೆಳೆದವರಿಗೆ ಇದು ಹೊಸದಲ್ಲ. ಹಸಿರು ಹಳದಿ ಮಿಶ್ರ ಸಿಪ್ಪೆ ಸುಲಿದರೆ ಒಳಗೆ ಜೇನು, ಯಾರೂ ಅದನ್ನು ಕಾಯಿ ಅಂತ ಪಕ್ಕಕ್ಕಿಟ್ಟಿದ್ದಿಲ್ಲ. ಇಲ್ಲಿನ ಗಿರಾಕಿ ಹಾಗಲ್ಲ. ಹಸಿರು ಕಂಡರೆ ಕೈ ಹಿಂದಕ್ಕೆ ಹೋಗುತ್ತದೆ, ಪಕ್ಕದಲ್ಲಿ ಕ್ಯಾಲಿಫೋರ್ನಿಯಾ ಹಣ್ಣು ಮಿರಮಿರ ಹೊಳೆಯುತ್ತಾ ಕೂತಿದ್ದರಂತೂ ಕೇಳುವುದೇ ಬೇಡ.

ಅದಕ್ಕೇ ಪ್ಯಾಕಿಂಗ್ ಮನೆಯಲ್ಲಿ ಎರಡು ಹಂತದ ಕೆಲಸ ನಡೆಯುತ್ತದೆ. ಮೊದಲು ಹಣ್ಣನ್ನು ಮುಚ್ಚಿದ ಕೋಣೆಯಲ್ಲಿಟ್ಟು ಎಥಿಲೀನ್ ಅನಿಲ ಬಿಡುತ್ತಾರೆ. ಹತ್ತು ಲಕ್ಷಕ್ಕೆ 5 ಪಾಲಿನಷ್ಟು, ಶಾಖ ಸುಮಾರು 29 ಡಿಗ್ರಿ, ಒಳಗೆ ಒಳ್ಳೆ ತೇವ. ಎಥಿಲೀನ್ ಹಣ್ಣು ತಾನೇ ಬಿಡುವ ಅನಿಲ, ಅದರಲ್ಲಿ ಹೆದರುವುದೇನೂ ಇಲ್ಲ. ಅದು ಹಸಿರನ್ನು ತೆಗೆಯುತ್ತದೆ ಅಷ್ಟೇ, ಇಲ್ಲದ ಕಿತ್ತಳೆ ಬಣ್ಣವನ್ನು ತಂದುಕೊಡುವುದಿಲ್ಲ. ಹಸಿರು ಹೋದ ಮೇಲೆ ಉಳಿಯುವುದು ನಿಂಬೆಯಂಥ ಹಳದಿ. ಅಲ್ಲಿಗೆ ಸಿಟ್ರಸ್ ರೆಡ್ 2 ಬರುತ್ತದೆ. 50 ಡಿಗ್ರಿ ಆಸುಪಾಸಿನ ಬಿಸಿ ದ್ರಾವಣದಲ್ಲಿ ಹಣ್ಣು ಕೆಲವು ನಿಮಿಷ ಮೀಯುತ್ತದೆ, ಆಮೇಲೆ ತೊಳೆದು, ಒಣಗಿಸಿ, ಮೇಣ ಹಚ್ಚುತ್ತಾರೆ. ಹಳದಿಯ ಮೇಲೆ ತೆಳು ಕೆಂಪು ಕೂತರೆ ಕಣ್ಣಿಗೆ ಕಾಣುವುದು ಕಿತ್ತಳೆ. ಕಸುಬು ಅಂತ ನೋಡಿದರೆ ಮೆಚ್ಚಲೇಬೇಕು.

ನನ್ನ ಚೀಲದ ಹಣ್ಣನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಎಲ್ಲಾ ಕಡೆ ಒಂದೇ ಸಮ, ಅದೇ ಮೊದಲ ಸುಳಿವು, ಯಾಕೆಂದರೆ ಮರದಲ್ಲಿ ಬಣ್ಣ ಬಂದ ಹಣ್ಣಿನಲ್ಲಿ ಬಿಸಿಲು ಬಿದ್ದ ಕಡೆ ಒಂದು ಛಾಯೆ, ಎಲೆಯ ಮರೆಯಲ್ಲಿದ್ದ ಕಡೆ ಇನ್ನೊಂದು. ತೊಟ್ಟಿನ ಸುತ್ತ ಉಗುರಷ್ಟು ಅಗಲದ ಹಸಿರು ಉಂಗುರ ಉಳಿದಿತ್ತು, ಅದರ ಮೇಲೂ ಕೆಂಪು ಕೂತು ಅಲ್ಲಿ ಮಾತ್ರ ಮಾಸಲು ಕಂದು. ಬೆರಳು ಉಜ್ಜಿದರೆ ಮೇಣ ಕಿಚಕ್ ಅನ್ನುತ್ತದೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಮೇಲಿನ ಪದರ ಹೋಗಿ ಕೆಳಗೆ ಪೇಲವ ಹಳದಿ. ಅದರ ಕೆಳಗಿನ ಬಿಳಿ ತೊಗಟೆ ಅಪ್ಪಟ ಬಿಳಿ, ಅದರಲ್ಲಿ ಬಣ್ಣದ ಸುಳಿವಿಲ್ಲ. ಹೆಚ್ಚಿದರೆ ಒಳಗಿನ ತೊಳೆಯೂ ಹೆಚ್ಚು ಗಾಢವಲ್ಲ, ಹ್ಯಾಮ್ಲಿನ್ ರಸವೇ ತಿಳಿ ಬಣ್ಣದ್ದು. ರುಚಿ ಮಾತ್ರ ಚೆನ್ನಾಗಿತ್ತು. ಬೀಜ ಇಲ್ಲವೆನ್ನುವಷ್ಟು ಕಡಿಮೆ, ಸಿಹಿ ಜಾಸ್ತಿ, ಹುಳಿ ಸ್ವಲ್ಪ ಕಡಿಮೆ, ತೆಳು ಸಿಪ್ಪೆ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುವಷ್ಟು ರಸ. ಎರಡು ಹಣ್ಣಿಗೆ ಒಂದು ದೊಡ್ಡ ಲೋಟ ಜ್ಯೂಸ್. ಇಷ್ಟು ಒಳ್ಳೆ ಹಣ್ಣಿಗೆ ಮೇಲೆ ಬಣ್ಣ ಹಚ್ಚುವ ದರ್ದು ಏನಿತ್ತು ಅಂತ ಬೇಜಾರಾಗುವಷ್ಟು ಚೆನ್ನಾಗಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅದು ಸಿಪ್ಪೆ ಗೊಜ್ಜು.

ಈ ಬಣ್ಣದ ನಿಯಮಗಳನ್ನು ಓದುತ್ತಾ ಹೋದರೆ ಒಂದು ಲೆಕ್ಕಾಚಾರ ಎದ್ದು ಕಾಣುತ್ತದೆ. ಸಿಪ್ಪೆ ಸುಲಿದು ಕಸದ ಬುಟ್ಟಿಗೆ ಹಾಕುತ್ತಾರೆ, ಆದ್ದರಿಂದ ಸಿಪ್ಪೆಯ ಮೇಲಿನ ಬಣ್ಣ ಹೊಟ್ಟೆಗೆ ಹೋಗುವುದಿಲ್ಲ. ಕಾರ್ಖಾನೆಗೆ ಹೋಗುವ ಹಣ್ಣನ್ನು ಹೊರಗಿಟ್ಟಿದ್ದೂ ಇದೇ ಧಾಟಿಯಲ್ಲಿ. ಆದರೆ ನಮ್ಮ ಮನೆಯ ಅಡುಗೆಮನೆಯನ್ನು ಯಾರೂ ಕಾರ್ಖಾನೆ ಅಂತ ಲೆಕ್ಕ ಹಾಕಿಲ್ಲವಲ್ಲ. ನಾವು ಸಿಪ್ಪೆ ಎಸೆಯುವ ಜನವೇ ಅಲ್ಲ. ಹಣ್ಣು ಮಕ್ಕಳಿಗೆ, ಸಿಪ್ಪೆ ಒಗ್ಗರಣೆಗೆ. ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಸಾಸಿವೆ ಇಂಗು ಕರಿಬೇವಿನ ಜೊತೆ ಬಾಡಿಸಿ, ಹುಣಸೆ ರಸ, ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸಿದರೆ ಎರಡು ದಿನ ಅನ್ನಕ್ಕೆ ಬೇರೇನೂ ಬೇಡ. ಇಲ್ಲಿನವರೂ ಪೂರ್ತಿ ಎಸೆಯುವುದಿಲ್ಲ, ಕೇಕಿಗೆ ತುರಿದು ಹಾಕುತ್ತಾರೆ, ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸುತ್ತಾರೆ, ಮದ್ಯದ ಲೋಟದ ಅಂಚಿಗೆ ಸಿಕ್ಕಿಸುತ್ತಾರೆ. ಆದರೆ ಚಿಟಿಕೆ ತುರಿ ಬೇರೆ, ಬಾಣಲೆ ತುಂಬ ಸಿಪ್ಪೆ ಬೇರೆ.

ಇನ್ನೊಂದು ಗಮನಿಸಿ. ಸಿಟ್ರಸ್ ರೆಡ್ 2 ನೀರಿನಲ್ಲಿ ಕರಗುವ ಬಣ್ಣವಲ್ಲ, ಎಣ್ಣೆಯಲ್ಲಿ ಕರಗುವ ಬಣ್ಣ. ಅದಕ್ಕೇ ಅದು ಎಣ್ಣೆ ತುಂಬಿದ ಕಿತ್ತಳೆ ಸಿಪ್ಪೆಯನ್ನು ಅಷ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ನಲ್ಲಿ ಕೆಳಗೆ ಎಷ್ಟು ಹೊತ್ತು ಹಿಡಿದರೂ ಹೋಗುವುದಿಲ್ಲ. ಉಪ್ಪು ನೀರು, ಅರಿಶಿನ ನೀರು, ವಿನಿಗರ್ ಯಾವುದನ್ನೂ ಇದಕ್ಕಾಗಿ ಖರ್ಚು ಮಾಡಬೇಡಿ. ನೀರಿಗೆ ಜಗ್ಗದ ಬಣ್ಣಕ್ಕೆ ದಾರಿ ಮಾಡಿಕೊಡುವುದು ಎಣ್ಣೆ. ನಮ್ಮ ಗೊಜ್ಜು ಶುರುವಾಗುವುದೇ ಎಣ್ಣೆಯಿಂದ. ಬಾಣಲೆ ಅಂತೂ ನಾವು ತೊಳೆದು ಚೆಲ್ಲುವುದಿಲ್ಲ, ಕೊನೆಗೆ ಅದಕ್ಕೇ ಅನ್ನ ಹಾಕಿ ಕಲಸಿ ತಿನ್ನುತ್ತೇವೆ.

ಎಷ್ಟು ಹೊಟ್ಟೆಗೆ ಹೋಗಬಹುದು ಅಂತ ಲೆಕ್ಕ ಹಾಕೋಣ. 200 ಗ್ರಾಂ ತೂಗುವ ಹಣ್ಣಿನ ಮೇಲೆ ಮಿತಿಯ ಪ್ರಕಾರ ಹೆಚ್ಚೆಂದರೆ 0.4 ಮಿಲಿಗ್ರಾಂ ಬಣ್ಣ ಇರಬಹುದು. ಕೇಳಲು ಏನೂ ಅಲ್ಲ. ಆದರೆ ಮಿತಿಯನ್ನು ಇಡೀ ಹಣ್ಣಿನ ತೂಕಕ್ಕೆ ಹಂಚಿದ್ದಾರೆ, ಬಣ್ಣ ಕೂತಿರುವುದು ಸಿಪ್ಪೆಯ ಮೇಲೆ ಮಾತ್ರ. ಸಿಪ್ಪೆ 50 ಗ್ರಾಂ ಅಂದುಕೊಂಡರೆ ಅಲ್ಲಿ ಅದು ಹತ್ತು ಲಕ್ಷಕ್ಕೆ 8 ಪಾಲು. ಒಂದು ಸಲದ ಗೊಜ್ಜಿಗೆ ನಾಲ್ಕು ಹಣ್ಣಿನ ಸಿಪ್ಪೆ ಬೇಕು. ಗರಿಷ್ಠ 1.6 ಮಿಲಿಗ್ರಾಂ, ಮನೆ ಮಂದಿಗೆಲ್ಲ ಹಂಚಿ. ಒಂದು ಸಲ ತಿಂದರೆ ಏನೋ ಆಗಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ, ಹೇಳುವವರನ್ನು ನಂಬಲೂ ಬೇಡಿ. ನನ್ನ ತಕರಾರು ಬೇರೆ. ತಿನ್ನುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಒಪ್ಪಿಗೆ ಪಡೆದ ಬಣ್ಣವನ್ನು ನಾವು ತಿನ್ನುತ್ತಿದ್ದೇವೆ, ಮತ್ತೆ ನಮಗದನ್ನು ಯಾರೂ ಹೇಳಿಲ್ಲ. ‘ಕಲರ್ ಆಡೆಡ್’ ಪಕ್ಕದಲ್ಲಿ ‘ಸಿಪ್ಪೆಯನ್ನು ಅಡುಗೆಗೆ ಬಳಸಬೇಡಿ’ ಅಂತ ಇನ್ನೊಂದು ಸಾಲು ಹಾಕಿದರೆ ಇವರ ಗಂಟೇನು ಹೋಗುತ್ತಿತ್ತು?

ತಿನ್ನಬಾರದು ಅಂತ ಯಾಕೆ ಅಂದೆ ಅಂದರೆ, ಈ ಬಣ್ಣದ ಜಾತಕ ಅಷ್ಟು ಚೆನ್ನಾಗಿಲ್ಲ. ಇಲಿಗಳಿಗೆ ತಿನ್ನಿಸಿ ನೋಡಿದಾಗ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡಿವೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಇದನ್ನು 2ಬಿ ಗುಂಪಿನಲ್ಲಿ ಇಟ್ಟಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಅನ್ನುವ ಗುಂಪು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್ಎಒ) ಎರಡರ ಜಂಟಿ ಸಮಿತಿ 1969ರಲ್ಲೇ ಇದನ್ನು ಆಹಾರದ ಬಣ್ಣವಾಗಿ ಬಳಸಬಾರದು ಅಂತ ಹೇಳಿತ್ತು. ಯುರೋಪಿನಲ್ಲಿ ಅನುಮತಿ ಇಲ್ಲ. ಅಮೆರಿಕದೊಳಗೇ ಕ್ಯಾಲಿಫೋರ್ನಿಯಾ, ಅರಿಜೋನಾ ತಮ್ಮ ಕಿತ್ತಳೆಗೆ ಬಣ್ಣ ಹಾಕಲು ಬಿಡುವುದಿಲ್ಲ. ಅವರಿಗೇನು, ಹವೆಯೇ ಬಣ್ಣ ಕೊಡುತ್ತದೆ, ಬಿಡದೆ ಇರುವುದು ಸುಲಭ.

ಹಳೆಯ ಕಥೆಯೂ ಮಜವಾಗಿದೆ. ಸಿಟ್ರಸ್ ರೆಡ್ 2 ಬರುವ ಮುಂಚೆ ಫ್ಲಾರಿಡಾ ಬೆಳೆಗಾರರು ಬಳಸುತ್ತಿದ್ದುದು ರೆಡ್ 32 ಅನ್ನುವ ಇನ್ನೊಂದು ಬಣ್ಣ. ಪ್ರಾಣಿಗಳಿಗೆ ತಿನ್ನಿಸಿದಾಗ ಅದು ವಿಷ ಅಂತ ಗೊತ್ತಾಗಿ 1955ರಲ್ಲಿ ಸರ್ಕಾರ ಅದನ್ನು ಪಟ್ಟಿಯಿಂದ ತೆಗೆಯಲು ಹೊರಟಿತು. ಬೆಳೆಗಾರರ ಸಂಘ ಕೋರ್ಟಿಗೆ ಹೋಯಿತು. ಅತ್ತ ಸಂಸತ್ತು 1956ರಲ್ಲಿ ಕಿತ್ತಳೆ ಸಿಪ್ಪೆಗೆ ಮಾತ್ರ ಇನ್ನೊಂದಿಷ್ಟು ಕಾಲ ಬಳಸಿಕೊಳ್ಳಿ ಅಂತ 1959ರವರೆಗೆ ವಿನಾಯಿತಿ ಕೊಟ್ಟಿತು. 1958ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬೆಳೆಗಾರರ ವಿರುದ್ಧ ತೀರ್ಪು ಕೊಟ್ಟಿತು, ಕಾನೂನು ಹೇಳುವುದು ನಿರುಪದ್ರವಿ ಬಣ್ಣ ಅಂತ, ಸ್ವಲ್ಪವೇ ಹಾಕಿದರೆ ಪರವಾಗಿಲ್ಲ ಅನ್ನುವ ಬಣ್ಣ ಅಂತ ಅಲ್ಲ ಅನ್ನುವ ಅರ್ಥದಲ್ಲಿ. ರೆಡ್ 32ರ ಗಡುವು ಮುಗಿಯುವ ಹೊತ್ತಿಗೆ ಜಾಗ ತುಂಬಲು ಬಂದದ್ದೇ ಸಿಟ್ರಸ್ ರೆಡ್ 2. ಹೋದದ್ದು ಒಂದು ಕೆಂಪು, ಬಂದದ್ದು ಇನ್ನೊಂದು ಕೆಂಪು. ಹತ್ತು ವರ್ಷದೊಳಗೆ ಇದರ ಬಗ್ಗೆಯೂ ಅದೇ ದೂರು.

2025ರ ಏಪ್ರಿಲ್ 22ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಸಿಟ್ರಸ್ ರೆಡ್ 2 ಮತ್ತು ಆರೆಂಜ್ ಬಿ ಎರಡರ ಅನುಮತಿಯನ್ನೂ ವಾಪಸ್ ಪಡೆಯುವ ಕೆಲಸ ಶುರು ಮಾಡುತ್ತೇವೆ ಅಂತ ಪ್ರಕಟಿಸಿತು. ಆರೆಂಜ್ ಬಿ ಸಾಸೇಜ್ ಹೊದಿಕೆಯ ಬಣ್ಣ, 1978ರಿಂದ ಅದನ್ನು ಯಾರೂ ಬಳಸುತ್ತಲೇ ಇರಲಿಲ್ಲ, ಸತ್ತವನ ಮೇಲೆ ಕೇಸು ಹಾಕಿದ ಹಾಗೆ. ಸಿಟ್ರಸ್ ರೆಡ್ 2 ಹಾಗಲ್ಲ, ಅದಕ್ಕೆ ಗಿರಾಕಿಗಳಿದ್ದಾರೆ. ಆದರೆ ಮೊದಲಿನಷ್ಟಿಲ್ಲ. ಫ್ಲಾರಿಡಾ ಕಿತ್ತಳೆಯಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಪಾಲು ಜ್ಯೂಸ್‌ಗೇ ಹೋಗುತ್ತಿತ್ತು, ಬಣ್ಣದ ಪ್ರಶ್ನೆ ಬರುತ್ತಿದ್ದುದು ಉಳಿದ ಸ್ವಲ್ಪಕ್ಕೆ. ಈಗ ಫಸಲೇ ಕುಸಿದಿದೆ. 1997-98ರಲ್ಲಿ 24 ಕೋಟಿ ಪೆಟ್ಟಿಗೆ ದಾಟಿದ್ದ ಇಳುವರಿ 2024-25ರಲ್ಲಿ 1.2 ಕೋಟಿ ಪೆಟ್ಟಿಗೆಯ ಆಸುಪಾಸಿಗೆ ಇಳಿಯಿತು. ಚಂಡಮಾರುತಗಳ ಪಾಲು ಇದೆ, ಅದಕ್ಕಿಂತ ದೊಡ್ಡ ಪಾಲು 2005ರಲ್ಲಿ ಅಲ್ಲಿ ಕಾಣಿಸಿಕೊಂಡ ಗ್ರೀನಿಂಗ್ ರೋಗದ್ದು. ಆ ರೋಗ ಬಂದ ಮರದ ಹಣ್ಣು ಸೊಟ್ಟಗಾಗಿ, ಬುಡ ಹಸಿರಾಗೇ ಉಳಿದು, ಕಹಿಯಾಗಿ, ಅರ್ಧಕ್ಕೇ ಉದುರುತ್ತದೆ. ಬಣ್ಣ ಬಳಿದರೆ ಗುಣವಾಗುವ ಹಸಿರಲ್ಲ ಅದು.

ಇನ್ನು ವೀಡಿಯೊಗಳ ವಿಷಯ. ಹತ್ತಿಯಲ್ಲಿ ಎಣ್ಣೆ ಅದ್ದಿ ಕಿತ್ತಳೆ ಮೇಲೆ ಉಜ್ಜಿ, ಹತ್ತಿಗೆ ಬಣ್ಣ ಬಂತು, ನೋಡಿ ವಿಷ ಅಂತ ಕೂಗುವವರು ಬೇಕಾದಷ್ಟು ಜನ ಇದ್ದಾರೆ. ಸುಮ್ನೆ ಹೆದರಬೇಡಿ. ಕಿತ್ತಳೆಯ ಸ್ವಂತ ಬಣ್ಣ ಕೂಡ ಎಣ್ಣೆಯಲ್ಲಿ ಕರಗುವಂಥದ್ದೇ, ಬಣ್ಣ ಹಾಕದ ಹಣ್ಣನ್ನು ಚೆನ್ನಾಗಿ ಉಜ್ಜಿದರೂ ಹತ್ತಿ ಹಳದಿಯಾಗುತ್ತದೆ. ನಾನು ಎರಡೂ ಥರದ ಹಣ್ಣನ್ನು ಉಜ್ಜಿ ನೋಡಿದೆ, ಹತ್ತಿ ನೋಡಿ ಯಾವುದು ಯಾವುದು ಅಂತ ಹೇಳಲು ಆಗಲಿಲ್ಲ. ಮನೆಯಲ್ಲಿ ಕೂತು ಇದನ್ನು ಪತ್ತೆ ಮಾಡುವ ದಾರಿ ಒಂದೇ, ಲೇಬಲ್ ಓದುವುದು.

ಓದುವುದಕ್ಕೆ ಲೇಬಲ್ ಇರಬೇಕಲ್ಲ, ಅದೇ ತೊಂದರೆ. ಬಿಡಿ ಹಣ್ಣು ರಾಶಿ ಹಾಕಿರುವ ಕಡೆ ಚೀಲ ಇಲ್ಲ, ಪಟ್ಟಿ ಇಲ್ಲ. ಅಲ್ಲಿ ಬೋರ್ಡ್ ಹಾಕಬೇಕು, ನಾನು ಹೋಗುವ ಅಂಗಡಿಯಲ್ಲಿ ಹಾಕಿರಲಿಲ್ಲ. ತರಕಾರಿ ವಿಭಾಗದ ಹುಡುಗನನ್ನು ಇದಕ್ಕೆ ಬಣ್ಣ ಹಾಕಿದ್ದಾರಾ ಅಂತ ಕೇಳಿದರೆ ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. ಹಣ್ಣಿನ ಬಣ್ಣವೇ ಕಿತ್ತಳೆ ಅಲ್ವಾ ಸರ್ ಅಂದ. ಕೊನೆಗೆ ಹಿಂದಿನ ಗೋದಾಮಿನಿಂದ ಪೆಟ್ಟಿಗೆ ತರಿಸಿ ನೋಡಿದಾಗ ಪೆಟ್ಟಿಗೆಯ ಪಕ್ಕದಲ್ಲಿ ಬರೆದಿತ್ತು. ಪೆಟ್ಟಿಗೆ ಗೋದಾಮಿನಲ್ಲಿ, ಹಣ್ಣು ಹೊರಗೆ, ಗಿರಾಕಿ ಏನು ಓದಬೇಕು? ಹುಡುಗ ಪಾಪ ಒಳ್ಳೆಯವನು, ಮುಂದಿನ ವಾರ ಹೋದಾಗ ಒಂದು ಚೀಟಿ ಅಂಟಿಸಿದ್ದ.

ಗೊಜ್ಜು ಮಾಡುವವರು ಏನು ತಗೊಳ್ಳಬೇಕು ಅಂದರೆ, ಆರ್ಗ್ಯಾನಿಕ್ ಮುದ್ರೆ ಇರುವ ಹಣ್ಣಿಗೆ ಈ ಬಣ್ಣ ಹಾಕುವಂತಿಲ್ಲ, ಕಣ್ಣು ಮುಚ್ಚಿ ತಗೊಳ್ಳಬಹುದು. ಕ್ಯಾಲಿಫೋರ್ನಿಯಾ ಅಂತ ಬರೆದಿದ್ದರೂ ಸರಿ. ಮಕ್ಕಳಿಗೆ ಅಂತ ತರುವ, ಸುಲಭವಾಗಿ ಸುಲಿಯುವ ಪುಟ್ಟ ಕ್ಯಾಲಿಫೋರ್ನಿಯಾ ಮ್ಯಾಂಡರಿನ್ ಇದೆಯಲ್ಲ, ಅದರ ಸಿಪ್ಪೆ ಗೊಜ್ಜಿಗೆ ಎಲ್ಲಕ್ಕಿಂತ ಚೆನ್ನ, ಬಿಳಿ ತೊಗಟೆ ಕಡಿಮೆ, ಕಹಿ ಹದವಾಗಿ, ನಮ್ಮ ಊರಿನ ಕಿತ್ತಳೆ ಸಿಪ್ಪೆಗೆ ಹತ್ತಿರದ ಘಮ. ಮೇಣ ಅಲ್ಲೂ ಇರುತ್ತದೆ, ಬಿಸಿನೀರಲ್ಲಿ ಒಮ್ಮೆ ಉಜ್ಜಿ ತೊಳೆದುಕೊಳ್ಳಿ. ಫ್ಲಾರಿಡಾದಲ್ಲೇ ಇರುವವರು ರಸ್ತೆ ಪಕ್ಕದ ತೋಟದ ಅಂಗಡಿಗಳಲ್ಲಿ ಕೇಳಿ ನೋಡಿ. ಹಸಿರು ಮೈಯ ಹಣ್ಣನ್ನು ಹಾಗೇ ಮಾರುತ್ತಿದ್ದರೆ ಅದನ್ನೇ ಆರಿಸಿಕೊಳ್ಳಿ, ಹಸಿರಿದೆ ಅಂದರೆ ಬಣ್ಣ ಬಿದ್ದಿಲ್ಲ ಅಂತ ಅರ್ಥ.

‘ಕಲರ್ ಆಡೆಡ್’ ಚೀಲ ಮತ್ತೆ ತರುತ್ತೀರಾ ಅಂತ ಕೇಳಿದರೆ, ಜ್ಯೂಸ್‌ಗಾದರೆ ತರುತ್ತೇನೆ. ಅರ್ಧಕ್ಕೆ ಹೆಚ್ಚಿ ಕೈಯಲ್ಲಿ ತಿರುಗಿಸುವ ಹಿಂಡುವ ಬಟ್ಟಲು ಬಳಸಿ, ಸಿಪ್ಪೆ ಸಮೇತ ಮಿಕ್ಸಿಗೋ ಒತ್ತುವ ಯಂತ್ರಕ್ಕೋ ಹಾಕಬೇಡಿ, ಸಿಪ್ಪೆಯ ಎಣ್ಣೆಯೆಲ್ಲ ಲೋಟಕ್ಕೆ ಇಳಿಯುತ್ತದೆ. ಸಿಪ್ಪೆಯನ್ನು ಒಣಗಿಸಿ ಮುಖಕ್ಕೆ ಹಚ್ಚುವ ಪುಡಿ ಮಾಡಬಹುದಾ ಅಂತ ನಮ್ಮತ್ತೆ ಕೇಳಿದರು, ಈ ಚೀಲದ್ದು ಬೇಡ ಅಂದೆ. ಮಾರ್ಚ್ ಆದ ಮೇಲೆ ವೇಲೆನ್ಸಿಯಾ ಬರುತ್ತದೆ, ರಸ ಹ್ಯಾಮ್ಲಿನ್‌ಗಿಂತ ಗಾಢ, ರುಚಿ ಒಂದು ಕೈ ಮೇಲು. ಮೈ ಮೇಲೆ ಹಸಿರು ಮರಳಿದ ವೇಲೆನ್ಸಿಯಾ ಎಲ್ಲಾದರೂ ಅರ್ಧ ರೇಟಿಗೆ ಸಿಕ್ಕರೆ ಬಿಡಬೇಡಿ.